ಎರಡೂ ಕೈಯಿಂದ ಕೊಟ್ಟ ಪಾಸ್‌ಪೋರ್ಟ್

ಕಾನೂನು ಸುರೇಖಾಳ ಕಡೆಗೇ ಇತ್ತು. ಅವಳ ಹೊಟ್ಟೆ ಉರಿಸುತ್ತಿದ್ದುದೂ ಅದೇ. ಇಲ್ಲದಿದ್ದರೆ ಹಣೆಬರಹ ಅಂತ ಸುಮ್ಮನಾದರೂ ಆಗುತ್ತಿದ್ದಳು.

ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಹೆಣೆಯುವ ಹೆಣ್ಣುಮಗಳು ಅವಳು. ಗಂಡ ಗೋವಿಂದರಾಜ ಕೊಲ್ಲಿಯ ಒಂದು ದೇಶದಲ್ಲಿ ಒಬ್ಬ ಸಾಹೇಬನ ಮನೆಯ ಡ್ರೈವರ್. ಎರಡು ವರ್ಷದ ಕರಾರು ಯುಗಾದಿಗೇ ಮುಗಿದಿತ್ತು. ದಸರಾ ಬಂದರೂ ಮನುಷ್ಯ ಬಂದಿರಲಿಲ್ಲ. ಫೋನು ಹಚ್ಚಿದಾಗಲೆಲ್ಲ ಒಂದೇ ಮಾತು, "ಮುಂದಿನ ತಿಂಗಳ ಬರ್ತೀನಿ."

ಮಗಳ ತಲೆಗೂದಲು ಅವನ ಮುಂದಿನ ತಿಂಗಳಿಗೆ ಕಾಯಬೇಕಲ್ಲ. ಸಹನಾಳ ಜವಳ ಅಂಜನಾದ್ರಿಯಲ್ಲಿ, ಅಪ್ಪನ ತೊಡೆಯ ಮೇಲೆ ಕೂಡಿಸಿಯೇ ತೆಗೆಸಬೇಕೆಂದು ಅತ್ತೆ ಪಂಪಮ್ಮ ಹರಕೆ ಹೊತ್ತಿದ್ದಳು. ದೀಪಾವಳಿಗೆ ಕೂಸಿಗೆ ಮೂರು ತುಂಬುತ್ತದೆ. ನಾಲ್ಕನೆಯ ವರ್ಷ ಸಮಸಂಖ್ಯೆ, ಕತ್ತರಿ ಮುಟ್ಟಿಸುವಂತಿಲ್ಲ. ಐದನೆಯದು ಹಿಡಿಯುವವರೆಗೂ ಕಾಯಬೇಕು. ಈಗಲೇ ಗಂಟುಗಟ್ಟಿದ ಕೂದಲಿಗೆ ಬಾಚಣಿಗೆ ಹಾಕಿದರೆ ಆ ಹುಡುಗಿ ಅತ್ತು ಓಣಿಯನ್ನೇ ಕೂಡಿಸುತ್ತಿತ್ತು.

ಗೋವಿಂದರಾಜ ಬರಲಾಗದ್ದಕ್ಕೆ ಕಾರಣ ಪಾಸ್‌ಪೋರ್ಟು. ಅದು ಸಾಹೇಬನ ಕಪಾಟಿನಲ್ಲಿತ್ತು. ಯಾರೂ ಕಸಿದುಕೊಂಡಿರಲಿಲ್ಲ, ಈ ಪುಣ್ಯಾತ್ಮನೇ ಕೊಟ್ಟಿದ್ದ. ಮೊದಲು ಅವನು ದುಡಿಯುತ್ತಿದ್ದ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ, ಕೆಲಸಕ್ಕೆ ಸೇರಿದ ದಿನ ಆಳುಗಳು ತಮ್ಮ ಕಾಗದಪತ್ರ ಧಣಿಯ ಕೈಗೆ ಕೊಟ್ಟು ಕೈಮುಗಿಯುವುದು ರೂಢಿ. ಧಣಿ ಅದನ್ನು ದೇವರ ಜಗಲಿಯ ಕೆಳಗೆ ಇಡುತ್ತಾನೆ. ಕಾಗದವನ್ನು ಇಲಿ ಕಡಿಯುವುದಿಲ್ಲ, ಆಳೂ ಓಡಿಹೋಗುವುದಿಲ್ಲ. ಅದೇ ರೂಢಿಯಲ್ಲಿ, ವಿಮಾನ ಇಳಿದು ಸಾಹೇಬನ ಮನೆ ಹೊಕ್ಕವನೇ ಪಾಸ್‌ಪೋರ್ಟನ್ನು ಎರಡೂ ಕೈಯಿಂದ ಒಪ್ಪಿಸಿ ನಮಸ್ಕಾರ ಮಾಡಿದ್ದ. ಸಾಹೇಬನಿಗೇ ಮೊದಲು ಏನೂ ತಿಳಿಯಲಿಲ್ಲವಂತೆ.

ಗಂಗಾವತಿಯ ವಕೀಲ ಪ್ರಭುರಾಜ ಆ ದೇಶದ ಕಾನೂನನ್ನು ಹುಡುಕಿ ಓದಿ ಹೇಳಿದ. ಮನೆಗೆಲಸಕ್ಕೆ ಬಂದವರ ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಳ್ಳುವಂತಿಲ್ಲ. ಕರಾರು ಮುಗಿದರೆ ತನ್ನ ಖರ್ಚಿನಲ್ಲೇ ಊರಿಗೆ ಕಳಿಸಬೇಕು. ಒಲ್ಲೆ ಅಂದರೆ ಅಲ್ಲಿರುವ ನಮ್ಮ ರಾಯಭಾರ ಕಚೇರಿಗೆ ದೂರು ಕೊಡಬಹುದು.

ದೂರು ಕೊಡುವುದೇನು ಸುಮ್ಮನೆಯೇ? ಕೊಪ್ಪಳಕ್ಕೆ ಹೋದರೆ ಬೆಂಗಳೂರಿಗೆ ಕೇಳಿ ಎಂದರು. ಬೆಂಗಳೂರಿಗೆ ಫೋನು ಹಚ್ಚಿದರೆ ಕಂಪ್ಯೂಟರಿನಲ್ಲಿ ಹಾಕಿ ಎಂದರು. ಕಂಪ್ಯೂಟರಿನವನು ಸರ್ವರ್ ಇಲ್ಲ ಎಂದ. ಒಂದು ಕಡೆ ಅಸಲು ಆಧಾರ ಕಾರ್ಡು ತನ್ನಿ ಎಂದು ವಾಪಸು ಕಳಿಸಿದರು. ಅವಳ ಅಸಲು ಇದ್ದದ್ದು ಚೀಲದ ಕೇಂದ್ರದ ಒಡತಿ ಶೈಲಜಾಳ ಬೀರುವಿನಲ್ಲಿ, ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದು. ಅದನ್ನು ಕೇಳಲು ಸಂಕೋಚವಾಗಿ ಸುರೇಖಾ ಹೇಗೋ ಜೆರಾಕ್ಸಿನಲ್ಲೇ ದಬ್ಬಿದಳು. ಅಂತೂ ಇಂತೂ ದೂರು ಹೋಯಿತು.

ದಸರಾ ಮುಗಿದ ವಾರದಲ್ಲಿ ಪ್ರಭುರಾಜ ಫೋನು ಮಾಡಿದ.

"ಅಕ್ಕಾರ, ದೂರು ಮುಚ್ಚಿಬಿಟ್ಟಾರ."

"ಯಾಕ್ರಿ?"

"ನಿಮ್ಮ ಯಜಮಾನರಿಗೆ ಫೋನ್ ಹಚ್ಚಿ, ಮಾಲಕರು ಪಾಸ್‌ಪೋರ್ಟ್ ಕೊಡಾಂಗಿಲ್ಲ ಅಂದಾರೇನು ಅಂತ ಕೇಳ್ಯಾರ. ಇವರು, ಇಲ್ರಿ, ಹಂಗೇನೂ ಅಂದಿಲ್ಲ, ಸಾಹೇಬ್ರು ಭಾಳ ಛಲೋ ಮಂದಿ ಅಂದಾರ. ಇವರು ಒಮ್ಮೆರ ಕೇಳಬೇಕಲ್ರಿ? ಕೇಳೇ ಇಲ್ಲಂತ."

ಸುರೇಖಾಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ತಯಾರಾಗಿ ಕೂತಿದ್ದ, ಭಕ್ತ ಮಹಾಶಯನೇ ಕೈ ಚಾಚುತ್ತಿರಲಿಲ್ಲ. ಅವಳು ಆ ಕ್ಷಣವೇ ಗಂಡನಿಗೆ ಫೋನು ಹಚ್ಚಿದಳು.

"ನೀ ಕೇಳೇ ಇಲ್ಲಂತಲ್ಲ?"

"ಕೇಳಾಕಂತ ಹೋಗಿದ್ದೆ," ಎಂದ ಗೋವಿಂದರಾಜ. "ಕುಂದ್ರು ಅಂದ್ರು. ತಮ್ಮ ಕೈಲೇ ಖರ್ಜೂರ ಕೊಟ್ರು, ಕಾಫಿ ಹಾಕಿದ್ರು. ನೀ ನಮ್ಮ ಮನಿ ಮನುಷ್ಯ, ನೀ ಇಲ್ಲಂದ್ರ ನಮಗ ನಡಿಯೂದಿಲ್ಲ ಅಂದ್ರು. ಉಂಡ ಮನಿ ಜಂತಿ ಎಣಿಸಬಾರದು, ಸುರೇಖಾ."

"ಜಂತಿ ಯಾರ ಎಣಿಸು ಅಂದ್ರು? ನಿನ್ನ ಪಾಸ್‌ಪೋರ್ಟ್ ನೀ ಕೇಳು."

"ಎದುರಿಗೆ ನಿಂತಾಗ ಬಾಯಿನ ಬರೂದಿಲ್ಲ. ಅಲ್ಲಿ ಕುಂತು ಹೇಳೂದು ಸುಲಭ ಐತಿ."

ಅವಳು ಫೋನನ್ನು ಹಾಸಿಗೆಯ ಮೇಲೆ ಒಗೆದಳು. ಪಂಪಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಭಿಡೇಕ ಬಸರಾದರ ಹಡಿಯಾಕ ಜಾಗ ಸಿಗೂದಿಲ್ಲ," ಎಂದಳು. ಮಗನನ್ನೇ ಬೈಯುತ್ತಿದ್ದಾಳೆ ಎಂದು ಸುರೇಖಾಳಿಗೆ ಸಮಾಧಾನವಾಗುವಷ್ಟರಲ್ಲಿ ಮುದುಕಿ ತಲೆಯೆತ್ತಿದಳು. "ಹೌದೂ, ಶೈಲಜಕ್ಕನ ಹಂತ್ಯಾಕ ಬಿಟ್ಟ ನಿನ್ನ ಕಾರ್ಡ ಎಲ್ಲೈತಿ? ತಂದಿ ಏನು?"

ಸುರೇಖಾಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದಾಗ ಶೈಲಜಾ ಮುಂದಿನ ಕೋಣೆಯಲ್ಲಿ ಚಹಾ ಸೋಸುತ್ತಿದ್ದಳು. ಕೆಟ್ಟವಳಲ್ಲ. ಸಹನಾಳಿಗೆ ಜ್ವರ ಬಂದಾಗ ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದವಳು.

"ಅಕ್ಕಾರ, ನನ್ನ ಆಧಾರ ಕಾರ್ಡ್ ಬೇಕಾಗಿತ್ರಿ."

"ಯಾಕ? ನನ್ನ ಕಡೆ ಇದ್ರ ಏನಾತು? ನೀ ನಮ್ಮ ಮನಿ ಮಗಳಿದ್ದಂಗ. ಕುಂದ್ರು, ಚಾ ತಗೋ."

ಸುರೇಖಾಳ ಕೈ ತಾನಾಗಿಯೇ ಲೋಟದ ಕಡೆ ಹೋಯಿತು. ಇರಲಿ ಬಿಡ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾಲ್ಕು ಮಾರು ದೂರದ ಮನೆಯವಳ ಮುಂದೆ ತನ್ನ ಪಾಡು ಇದಾದರೆ, ಸಮುದ್ರದಾಚೆ ಪರದೇಶದ ಸಾಹೇಬನ ಮುಂದೆ ಆ ಮನುಷ್ಯನ ಪಾಡೇನು ಎನ್ನಿಸಿತು. ಅವಳು ಕೈ ಹಿಂದೆಗೆದುಕೊಂಡಳು.

"ಚಾ ಬ್ಯಾಡ್ರಿ. ಕಾರ್ಡ್ ಕೊಡ್ರಿ."

ಶೈಲಜಾ ಅವಳ ಮುಖವನ್ನೇ ನೋಡಿದಳು. ಬೀರು ತೆರೆದು ಕಾರ್ಡನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. "ಭಾಳ ಶಾಣ್ಯಾಕಿ ಆದಿ ಬಿಡು. ಇವತ್ತ ನಾರು ಇಲ್ಲ, ನಾಳೆ ನೋಡೂಣಂತ." ಅಂಗಳದಲ್ಲಿ ಒಣಗಿದ ನಾರಿನ ರಾಶಿ ಸೊಂಟದೆತ್ತರಕ್ಕೆ ಬಿದ್ದಿತ್ತು.

ಸುರೇಖಾ ಹೊಳೆಯ ದಂಡೆಗೆ ಬಂದು ಕೂತು ಗಂಡನಿಗೆ ಫೋನು ಹಚ್ಚಿದಳು. ಎಲ್ಲ ಹೇಳಿದಳು.

"ಸಿಟ್ಟಾದ್ರೇನು?" ಎಂದು ಕೇಳಿದ ಗೋವಿಂದರಾಜ.

"ಆದ್ರು. ಇವತ್ತ ಕೆಲಸ ಕೊಡಲಿಲ್ಲ."

"ಮತ್ತ ನನಗ್ಯಾಕ ಕೇಳು ಅಂತಿ?"

"ಯಾಕಂದ್ರ ಅದು ನಿಂದು. ಖರ್ಜೂರ ಕೊಟ್ರ ಮೊದಲು ಬ್ಯಾಡ್ರಿ ಅನ್ನು. ಅದೊಂದು ಅಂದ್ರ ಉಳಿದದ್ದು ಬರ್ತೈತಿ. ನನಗೂ ಹಂಗ ಬಂತು. ಅವರು ಕೊಡೂದಿಲ್ಲ ಅಂದ್ರ ಅಂದದ್ದನ್ನ ಕಚೇರಿಯವರಿಗೆ ಹೇಳು. ಛಲೋ ಮಂದಿ ಅಂತ ಮಾತ್ರ ಹೇಳಬ್ಯಾಡ."

ಆ ಕಡೆ ಅವನು ಗಾಡಿಯ ಬಾಗಿಲು ಎಳೆದುಕೊಂಡ ಸದ್ದು.

"ಹ್ಯಾಂಗ ಅಂದಿ? ಇನ್ನೊಮ್ಮೆ ಅನ್ನು."

"ಬ್ಯಾಡ್ರಿ. ನಂದು ನನಗ ಕೊಡ್ರಿ."

ಅವನು ಅದನ್ನೇ ತನಗೆ ಬರುವ ಅರೆಬರೆ ಅರಬ್ಬಿಯಲ್ಲಿ ಒಪ್ಪಿಸಿದ. ದನಿ ಎಷ್ಟು ಸಣ್ಣದಿತ್ತೆಂದರೆ ಸುರೇಖಾ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

"ಕೇಳವಲ್ದು," ಎಂದಳು ಅವಳು. "ಜೋರ ಅನ್ನು."