ಚಹಾ ಕೊಡುವ ಖಳನಾಯಕ

ನನ್ನ ಮೊದಲ ಖಳನಾಯಕ ತಟ್ಟೆಯಲ್ಲಿದ್ದ ಮಿರ್ಚಿ ಆರುವ ಮೊದಲೇ ಸತ್ತುಹೋದ.

ಅವನಿಗೆ ಮೂರು ಕೊಂಬು ಕೊಟ್ಟಿದ್ದೆ. ಬಾಯಿ ತೆರೆದರೆ ಬೆಂಕಿ. ಊರು ಸುಡುವುದೇ ಕಸುಬು. ಇನ್ನೇನು ಬೇಕು? ಆದರೆ ಬಸವರಾಜ ದಾಳ ಉರುಳಿಸಿದ, ರಾಕ್ಷಸ ಸತ್ತ, ಹುಲಿಗೆಮ್ಮ ಮೊಬೈಲ್ ತೆಗೆದಳು.

ಏನಿದು ಅಂತೀರಾ? ನನ್ನ ಅಣ್ಣನ ಮಗಳು ಪಲ್ಲವಿ ಬ್ಯಾಂಕ್ ಕೆಲಸಕ್ಕೆಂದು ಗುರುಗುಂಟಾದಿಂದ ಸಿಂಧನೂರಿಗೆ ಬಂದಿದ್ದಾಳೆ. ಇರುವುದು ನಮ್ಮ ಮನೆಯಲ್ಲೇ. ಭಾನುವಾರ ಮಧ್ಯಾಹ್ನ ಈ ಇಬ್ಬರು ಸಹೋದ್ಯೋಗಿಗಳನ್ನು ಕರೆದು ಒಂದು ಆಟ ಆಡಿಸುತ್ತಾಳೆ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡಬೇಕು, ಗೆಲುವು ಸೋಲು ದಾಳದ ಕೈಯಲ್ಲಿ. (ರೋಲ್‌ಪ್ಲೇಯಿಂಗ್ ಗೇಮ್ ಅಂತೆ. ನಮ್ಮ ಮನೆಯವರ ಪ್ರಕಾರ 'ಕುಂತು ಆಡೋ ಬಯಲಾಟ'.) ಅತ್ತೆ ಹೇಗೂ ಪೇಪರಿಗೆ ಬರೆಯುತ್ತಾಳೆ ಎಂದು ಖಳನಾಯಕನನ್ನು ಹುಟ್ಟಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

"ಅತ್ತಿ, ನಿನ್ನ ರಾಕ್ಷಸಗ ಯಾರೂ ಅಂಜಲಿಲ್ಲ ನೋಡು," ಎಂದಳು ಪಲ್ಲವಿ. "ಮತ್ತ ಹಿಂಗ ಆದ್ರ ಅವರು ಬರಂಗಿಲ್ಲ. ಈ ಊರಾಗ ನನಗ ಬ್ಯಾರೆ ಯಾರದಾರ?"

ಪಾಪ ಅನ್ನಿಸಿತು. ಹೊಸ ಊರಿನ ಭಾನುವಾರ ಎಷ್ಟು ಉದ್ದ ಎಂದು ಮದುವೆಯಾಗಿ ಬಂದ ನನಗೆ ಗೊತ್ತಿಲ್ಲವೇ?

ಎರಡನೆಯವನಿಗೆ ಕೊಂಬು ಕೊಡಲಿಲ್ಲ. ಕಾಲುವೆ ಕೊಟ್ಟೆ. ಕಾಲುವೆಯ ಮೇಲ್ಭಾಗದ ಸಾವುಕಾರ, ಕೆಳಗಿನ ಹೊಲಗಳಿಗೆ ನೀರು ಬಿಡುವ ಗೇಟು ಅವನ ಕೈಯಲ್ಲಿ. ನೀರು ಕೇಳಲು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಾನೆ, ಮನೆಮಂದಿಯನ್ನೆಲ್ಲ ವಿಚಾರಿಸುತ್ತಾನೆ, "ನಾಳಿಗಿ ಬಿಡ್ತೀನ್ರೀ" ಎನ್ನುತ್ತಾನೆ. ಬಿಡುವುದಿಲ್ಲ. ಅಷ್ಟೇ.

"ನೀರಿಗೆ ಯಾರರ ಹೊಡದಾಡ್ತಾರೇನ ಅತ್ತಿ?" ಎಂದಳು ಪಲ್ಲವಿ. (ಮಳೆ ನಂಬಿದ ಹೊಲದವಳು. ಕಾಲುವೆ ಜಗಳ ಅವಳಿಗೇನು ಗೊತ್ತು?)

ಹುಲಿಗೆಮ್ಮನಿಗೆ ಗೊತ್ತಿತ್ತು. ಅವಳ ಊರು ಕಾಲುವೆಯ ಕೊನೆಗಿದೆ. ಸಾವುಕಾರ ಎರಡನೇ ಸಲ 'ನಾಳಿಗಿ' ಎಂದದ್ದೇ ತಡ, ಎದ್ದು ನಿಂತಳು. "ಗೇಟ್ ಒಡೀತೀನಿ! ಎಲ್ಲೈತಿ ದಾಳ?"

"ಯಾಕ ಒಡೀತಿ?" ಎಂದ ಬಸವರಾಜ. ಅವನ ಮನೆಯ ಹೊಲ ಕಾಲುವೆಯ ಮೇಲ್ಭಾಗದಲ್ಲಿದೆ. "ಮೊದ್ಲ ಅವನ ಭತ್ತ ನೆನೀಬೇಕಲ್ಲ. ಅವ ಏನು ಕೆಟ್ಟಾವಲ್ಲ."

"ನಮ್ಮ ಸಸಿ ಒಣಗಿದ್ರೂ ನಡೀತದೇನು?"

ಅಯ್ಯೋ, ಇಬ್ಬರೂ ಒಂದೇ ತಂಡದ ವೀರರು! ಖಳನಾಯಕನನ್ನು ಬಿಟ್ಟು ತಾವೇ ಕಿತ್ತಾಡಿದರು. ಬಸವರಾಜ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಪಲ್ಲವಿಯ ಕಣ್ಣು ತುಂಬಿತು. ಎಂಥ ಕೆಲಸ ಮಾಡಿದೆನಪ್ಪಾ ಎಂದು ನನಗೂ ಸಂಕಟವಾಯಿತು.

ಮುಂದಿನ ಭಾನುವಾರ ಮಂಡಕ್ಕಿ ಒಗ್ಗರಣೆ ಮಾಡಿ ಕಾದೆವು. ಹುಲಿಗೆಮ್ಮ ಬಂದಳು. ಬಾಗಿಲ ಕಡೆಯೇ ಕಣ್ಣು. ಕೊನೆಗೆ ಬಸವರಾಜನೂ ಬಂದ.

"ಮೇಡಂ, ನಿಮ್ಮ ಸಾವುಕಾರ ಥೇಟ್ ನಮ್ಮಪ್ಪನಂಗ ಮಾತಾಡ್ತಾನ್ರೀ. ಇವತ್ತ ಅವನ ಪಾತ್ರ ನಾ ಮಾಡ್ತೀನಿ."

ಎಷ್ಟು ಚೆಂದ ಮಾಡಿದ! "ಬಾರವ್ವಾ" ಎಂದು ಕರೆದ, ಚಹಾದ ಕಪ್ಪು ಮುಂದೆ ಸರಿಸಿದ, "ನಾಳಿಗಿ ಬಿಡ್ತೀನಿ" ಎಂದ. ನಾವೆಲ್ಲ ನಕ್ಕೆವು. ಹುಲಿಗೆಮ್ಮನೂ ನಕ್ಕಳು. ಆಮೇಲೆ ಪಾತ್ರದೊಳಗಿನಿಂದಲೇ ಮೆಲ್ಲಗೆ ಕೇಳಿದಳು.

"ನಾಳಿಗಿ ಬರ್ತೈತಿ ಅಂತ ನಿನ್ನೆ ನಮ್ಮವ್ವಗ ಹೇಳೀನಿ, ಅಣ್ಣಾ. ಇವತ್ತ ಹೋಗಿ ಏನ್ ಹೇಳ್ಲಿ?"

ಬಸವರಾಜ ದಾಳ ಮುಟ್ಟಲಿಲ್ಲ. "ನಮ್ಮಪ್ಪಗ ಯಾರೂ ಹಿಂಗ ಕೇಳಿಲ್ಲ," ಎಂದ.

ಕೊಂಬಿನವನನ್ನು ಕೊಲ್ಲುವುದು ಸುಲಭ. ಆದರೆ ನಮ್ಮನ್ನು ಎತ್ತಿ ಆಡಿಸಿದವನನ್ನು, ಮನೆಗೆ ಬಂದವರಿಗೆ ಪ್ರೀತಿಯಿಂದ ಚಹಾ ಕೊಡುವವನನ್ನು ಏನು ಮಾಡುವುದು? ನನಗೂ ಗೊತ್ತಿಲ್ಲ. ಅವತ್ತು ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಏಳಲಿಲ್ಲ. ಪಲ್ಲವಿ ಖುಷಿಯಿಂದ ಮತ್ತೆ ಚಹಾಕ್ಕಿಟ್ಟಳು.

ಅಂದಹಾಗೆ, 'ನಾಳೆ' ಎಂದು ನಗುನಗುತ್ತಾ ಚಹಾ ಕುಡಿಸಿ ನೀವು ಯಾರನ್ನು ಕಳಿಸಿದ್ದೀರಿ?