ಏಡನ್ನಿಗೆ ಸಾವಿರ ಬೀಡಿ

ಆಗ ನನಗೆ ಹದಿನೆಂಟು. ಅರವತ್ತೈದು ವರ್ಷದ ಹಿಂದಿನ ಮಾತು. ನೆರೆಮನೆಯ ಕಮಲಕ್ಕನಿಗೆ ಗಡಿಯಾರವೂ ಬೇಡ, ಮೈಲಿಗಲ್ಲೂ ಬೇಡ. ಬೀಡಿ ಕಟ್ಟುವ ಬೆರಳಿನಲ್ಲೇ ಅವಳ ಲೆಕ್ಕ. ಮೂಡುಬಿದಿರೆಯಿಂದ ಬಿ.ಸಿ.ರೋಡಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಎಂದರೆ, "ಆರು ಕಟ್ಟು" ಎನ್ನುವಳು. ಕಟ್ಟಿಗೆ ಇಪ್ಪತ್ತೈದು ಬೀಡಿ. ಯಾರಾದರೂ ಮಾತು ಉದ್ದ ಎಳೆದರೆ, "ನೀವು ಮುಗಿಸುವಾಗ ನನ್ನ ಎಲೆಯೇ ಮುಗಿದೀತು ಮಾರಾಯ್ರೆ" ಎಂದು ಎದ್ದು ಹೋಗುವಳು. ಚೆಲುವೆಯೇನೂ ಅಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಸಾವಿರ ಬೀಡಿ ಅವಳ ಒಂದು ದಿನದ ಕೆಲಸ.

ಗಂಡ ಕಡಲಾಚೆ ಅರಬರ ಏಡನ್ನಿನ ಹೋಟೆಲಿನಲ್ಲಿ ಅಡುಗೆಯವ. ಮದುವೆಯಾದ ವರ್ಷವೇ ಹಡಗು ಹತ್ತಿದವ ಆರು ವರ್ಷವಾದರೂ ಬಂದಿರಲಿಲ್ಲ. ಒಂದು ದಿನ ಅಲ್ಲಿಂದ ರಜೆಯಲ್ಲಿ ಬಂದ ಹಸನಬ್ಬ ಬ್ಯಾರಿಗಳು ಅವಳ ಕೈಗೆ ಗಂಡ ಕಳಿಸಿದ ವಿಮಾನದ ಟಿಕೆಟು ಕೊಟ್ಟರು. ಇಡೀ ಕೇರಿ ಅವಳ ಜಗಲಿಗೆ ಓಡಿ ಬಂತು! ಆದರೆ ಅತ್ತೆ ಅಪ್ಪಿಯಕ್ಕ ಒಪ್ಪಬೇಕಲ್ಲ? ಮಾವ ಸತ್ತಾಗ, ಹಡಗು ಮುಟ್ಟುವಷ್ಟರಲ್ಲಿ ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದೀತೆಂದು ಮಗ ಬಂದೇ ಇರಲಿಲ್ಲ.

"ನಾನು ಸತ್ತರೆ ನೀನೂ ಬರುವವಳಲ್ಲ" ಎಂದಳು ಮುದುಕಿ.

ಬ್ಯಾರಿಗಳು ನಕ್ಕರು. "ಇದು ಹಡಗಲ್ಲ ಅಮ್ಮ. ಸುಮಾರು ಎರಡು ಸಾವಿರ ಮೈಲಿ, ಎಂಟೇ ಗಂಟೆ!"

ಕಮಲಕ್ಕ ಬೆರಳು ಮಡಚಿ ಎಣಿಸಿದಳು. ಎಣಿಸಿದವಳೇ ಕುಣಿದಳು. "ಅತ್ತೇ, ಸಾವಿರ ಬೀಡಿ ಅಷ್ಟೆ! ಬೆಳಿಗ್ಗೆ ಎಲೆ ಹಿಡಿದರೆ ಸಂಜೆಗೆ ಇಲ್ಲಿದ್ದೇನೆ!"

"ಅಯ್ಯೋ, ಏಡನ್ನು ಇಷ್ಟು ಹತ್ತಿರ ಉಂಟಾ!" ಎಂದು ನಾವೂ ಕಿರುಚಿದೆವು.

ಮುದುಕಿ ಎಲೆಅಡಿಕೆ ಉಗುಳಿ ಬಂದು ಕೇಳಿದಳು: "ವಿಮಾನ ನಮ್ಮ ಅಂಗಳಕ್ಕೆ ಬರ್ತದಾ?"

"ಇಲ್ಲ, ಬೊಂಬಾಯಿಗೆ" ಎಂದರು ಬ್ಯಾರಿಗಳು.

"ಬೊಂಬಾಯಿ ಎಲ್ಲುಂಟು? ವೇಣೂರಿನ ಆಚೆಯಾ?"

ಬೊಂಬಾಯಿಗೆ ಬಸ್ಸು, ರೈಲು ಸೇರಿ ಎರಡು ದಿನ. ಆ ಬೀಡಿಗಳನ್ನು ಕಮಲಕ್ಕ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವಳು ಸುಳ್ಳು ಹೇಳಲಿಲ್ಲ. "ಹೌದು ಅತ್ತೆ, ಮೂರು ದಿನ ಬೇಕು. ಆದರೂ ನನಗೆ ಹೋಗ್ಬೇಕು."

ಮುದುಕಿ ಸೊಸೆಯ ಮುಖವನ್ನೇ ನೋಡಿದಳು. "ಹೋಗು. ಸಾಯುವಾಗ ನಾನು ಜೀವ ಹಿಡ್ಕೊಂಡು ಮೂರು ದಿನ ಕಾಯ್ತೇನೆ, ನಾಲ್ಕನೆಯದು ಕೇಳಬೇಡ. ಅಲ್ಲಿಯ ತನಕ ನನಗೆ ಗಂಜಿ ಯಾರು ಕೊಡುದು?"

ಖುಷಿಯಲ್ಲಿ ನನ್ನ ಬಾಯಿ ಜಾರಿತು: "ನಾನಿಲ್ವಾ?"

"ನಿನ್ನ ಗಂಜಿಯಾ? ಹಾಗಾದರೆ ಎರಡೇ ದಿನ ಕಾಯುದು!"

ಬಸ್ಸು ಹೊರಟಾಗ ಕಮಲಕ್ಕ ಅಳಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏ ಹೆಣ್ಣೇ, ಉಪ್ಪು ಕಡಿಮೆ ಹಾಕು!" ಎಂದು ಕೂಗಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಮುದುಕಿ ಸತ್ತಾಗ ಬಂದು ಮುಟ್ಟಿದಳಂತೆ. ನಾನಾಗಲೇ ಮದುವೆಯಾಗಿ ನಾರಾವಿಯಲ್ಲಿದ್ದೆ.

ಅವಳು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಾನು ಅಪ್ಪಿಯಕ್ಕನ ಒಲೆಗೆ ಬೆಂಕಿ ಹಾಕಿ, ಕುಚ್ಚಲಕ್ಕಿ ತೊಳೆದು ಗಂಜಿಗೆ ಇಟ್ಟೆ.