ಕೊನೆ ಬದಲಿಸಿದ ಪಿಕ್ಚರು

ಸಿನಿಮಾ ಮುಗಿಯುತ್ತಿದ್ದಂತೆ ಎದ್ದು ಓಡುವವರನ್ನು ಕಂಡರೆ ನನಗೆ ಪಾಯಸ ಬಡಿಸುವ ಹೊತ್ತಿಗೆ ಎಲೆ ಮಡಿಸಿದವರನ್ನು ಕಂಡಷ್ಟೇ ಸಂಕಟ. ಪರದೆಯ ಮೇಲೆ ಹೆಸರುಗಳು ಇನ್ನೂ ಮೇಲಕ್ಕೆ ಸರಿಯುತ್ತಿರುತ್ತವೆ. ಲೈಟು ಹಿಡಿದವರು, ಅಡುಗೆ ಮಾಡಿದವರು, ವ್ಯಾನು ಓಡಿಸಿದವರು. ನಾನು ಅವರನ್ನೆಲ್ಲ ಓದುತ್ತಾ ಕೂತಿರುತ್ತೇನೆ, ಸಕಲೇಶಪುರದ ಥಿಯೇಟರಿನಲ್ಲಿ ಕಸ ಗುಡಿಸುವವನು ಬಂದು "ಕಾಲೆತ್ತಿ ಮೇಡಂ" ಎನ್ನುವವರೆಗೆ. ನನ್ನ ಗಂಡ ರವಿ ಅಷ್ಟರಲ್ಲಿ ಹೊರಗೆ ಜೀಪು ಸ್ಟಾರ್ಟ್ ಮಾಡಿ, ಹಾರ್ನ್ ಹೊಡೆದು, ಸಾಕಾಗಿ, ಆಫ್ ಮಾಡಿ, ಎದುರಿನ ಅಂಗಡಿಯಲ್ಲಿ ಬಜ್ಜಿ ತಿನ್ನುತ್ತಿರುತ್ತಾನೆ.

ನನಗೆ ಐವತ್ತು ಹತ್ತಿರವಾಗುತ್ತಿದೆ. ಯಸಳೂರಿನ ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸು. ಈ ವಯಸ್ಸಿನ, ಈ ಸೀಮೆಯ ಹೆಂಗಸಿಗೆ ಗೊಬ್ಬರದ ಬಗ್ಗೆ, ಮಳೆಯ ಬಗ್ಗೆ, ನಾದಿನಿ ಮಾಡುವ ಕಡುಬಿನ ಬಗ್ಗೆ ಅಭಿಪ್ರಾಯಗಳಿದ್ದರೆ ಸಾಕು. ನನಗಿರುವುದೆಲ್ಲ ವಿಡಿಯೋ ಗೇಮು, ಆಟಿಕೆ ಮತ್ತು ಸಿನಿಮಾದ ಬಗ್ಗೆ. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಹೆಚ್ಚಾಗಿ ಖಾಲಿಯೇ ಇರುತ್ತದೆ.

ಆಟಿಕೆಯ ವಿಷಯ ತೆಗೆದುಕೊಳ್ಳಿ. ಬ್ಯಾಟರಿ ಹಾಕಿದ ಗೊಂಬೆ ತಾನೇ ನಡೆಯುತ್ತದೆ, ತಾನೇ ಹಾಡುತ್ತದೆ, ತಾನೇ ಬಿದ್ದು ತಾನೇ ಏಳುತ್ತದೆ. ಇನ್ನು ನಮಗೇನು ಕೆಲಸ? ಆಟವಾಡುತ್ತಿರುವುದು ಅದು, ನಾವು ಬರೀ ಪ್ರೇಕ್ಷಕರು. ಮರದ ಎತ್ತು ಹಾಗಲ್ಲ. ಅದು ಸುಮ್ಮನೆ ನಿಂತಿರುತ್ತದೆ. ಅದರ ಪರವಾಗಿ 'ಅಂಬಾ' ಎನ್ನಬೇಕಾದವರು ನಾವು. ನಮ್ಮ ಮನೆಯ ಶೋಕೇಸಿನಲ್ಲಿ ಬೇರೆಯವರು ಸ್ಟೀಲಿನ ಲೋಟ ಇಡುವ ಜಾಗದಲ್ಲಿ ಇಂಥ ಸುಮ್ಮನೆ ನಿಲ್ಲುವವರ ದೊಡ್ಡ ಸಂಸಾರವೇ ಇದೆ. ಬಂದವರು "ಮೊಮ್ಮಕ್ಕಳದಾ?" ಎಂದು ಕೇಳುತ್ತಾರೆ. ಮೊಮ್ಮಕ್ಕಳಿಲ್ಲ, ನನ್ನದೇ ಎಂದರೆ ಕಾಫಿ ಬೇಗ ಕುಡಿದು ಏಳುತ್ತಾರೆ.

ವಿಡಿಯೋ ಗೇಮಿನಲ್ಲಿ ನನ್ನ ತಕರಾರು ಇನ್ನೊಂದು. ಬಿದ್ದರೆ, ಸತ್ತರೆ, ಮತ್ತೆ ಅಲ್ಲೇ ಎದ್ದು ನಿಲ್ಲುವ ಸೌಕರ್ಯ ಅವುಗಳಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ಒಂದು ಗುಂಡಿ ಒತ್ತಿದರೆ ಪುನರ್ಜನ್ಮ. ಹಾಗಾಗಿ ನಾನು ಆಡುವುದು ಒಮ್ಮೆ ಸತ್ತರೆ ಆಟವೇ ಮುಗಿಯುವಂಥ ಕ್ರಮದಲ್ಲಿ. ಆಗ ಸೇತುವೆ ದಾಟುವಾಗ ಕೈ ಬೆವರುತ್ತದೆ. "ಆಟದಲ್ಲೂ ಕಷ್ಟಾನೇ ಬೇಕಾ ಮಾರಾಯ್ತಿ ನಿಂಗೆ?" ಎಂದು ರವಿ ಕೇಳುತ್ತಾನೆ. ಹೌದು. ಇಲ್ಲದಿದ್ದರೆ ಅದು ಆಟ ಹೇಗಾಗುತ್ತದೆ?

ಸಿನಿಮಾದಲ್ಲಂತೂ ನಾನು ಇನ್ನೂ ಕಠಿಣ. ಕತೆಯ ಕೊನೆಯನ್ನು ಯಾರೂ ಮುಟ್ಟಬಾರದು. ಒಂದು ಭಾಷೆಯಲ್ಲಿ ಸತ್ತ ನಾಯಕ ಇನ್ನೊಂದು ಭಾಷೆಗೆ ಬರುವಾಗ ದಾರಿಯಲ್ಲಿ ಬದುಕಿಕೊಂಡು ಬಂದರೆ ನನಗೆ ಸಹಿಸಲಾಗುವುದಿಲ್ಲ. ನಮ್ಮ ಹಿರಿಯರು ಈ ವಿಷಯದಲ್ಲಿ ಮೃದು ಹೃದಯದವರು ಎಂಬುದು ಗೊತ್ತು. ಹರಿಕತೆ ಎಷ್ಟು ಅಳಿಸಿದರೂ ಮಂಗಳ ಹಾಡದೆ ಜನರನ್ನು ಮನೆಗೆ ಕಳಿಸುವುದಿಲ್ಲ. ಸಂಸ್ಕೃತ ನಾಟಕದವರು ರಂಗದ ಮೇಲೆ ಸಾವನ್ನು ತೋರಿಸುವುದಕ್ಕೇ ಹಿಂಜರಿದರು. ಅವರೆಲ್ಲ ಅಂಜುಬುರುಕರು ಎಂದು ನಾನು ಬಹಳ ಕಾಲ ವಾದಿಸಿದ್ದೇನೆ. ಕೇಳುವುದಕ್ಕೆ ರವಿಯೊಬ್ಬನೇ ಇದ್ದದ್ದರಿಂದ ಎದುರುವಾದ ಹೆಚ್ಚು ಬರಲಿಲ್ಲ.

ಹೋದ ಫೆಬ್ರವರಿಯ ಒಂದು ಮಧ್ಯಾಹ್ನ ನಾನೂ ಗಿರಿಜೆಯೂ ಪಕ್ಕದ ದೊಡ್ಡ ಎಸ್ಟೇಟಿಗೆ ಹೋಗಿದ್ದೆವು. ಗಿರಿಜೆ ನಮ್ಮ ತೋಟಕ್ಕೆ ಬೇಲಿ ಹಂಚಿಕೊಂಡ ನೆರೆಯವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಮೆಣಸಿನ ಕಾಳು ಬಿಡಿಸುವ ಮಿಷನ್ ಆ ಎಸ್ಟೇಟಿನಲ್ಲಿದೆ. ಇಬ್ಬರ ಮೆಣಸನ್ನೂ ಒಟ್ಟಿಗೇ ಬಿಡಿಸೋಣ ಎಂದು ಕೇಳಲು ಹೋದದ್ದು. ಗಿರಿಜೆ ಒಬ್ಬಳೇ ಎಲ್ಲಿಗೂ ಹೋಗುವುದಿಲ್ಲ. ಮೂರು ವರ್ಷದ ಹಿಂದೆ ಅವಳ ಗಂಡ ನಾಗರಾಜ ಬೆಳಗಿನ ಮಂಜಿನಲ್ಲಿ ತೋಟಕ್ಕೆ ನೀರು ಬಿಡಲು ಹೋಗಿದ್ದ. ಆನೆ ಗಿಡಗಳ ಮಧ್ಯೆ ನಿಂತಿದ್ದು ಅವನಿಗೆ ಕಾಣಲಿಲ್ಲ. ಅದಾದ ಮೇಲೆ ಅವಳು ಆ ವಿಷಯವನ್ನು ಯಾರ ಹತ್ತಿರವೂ ಎತ್ತಿಲ್ಲ. ನಾವೂ ಎತ್ತುವುದಿಲ್ಲ.

ಎಸ್ಟೇಟಿನ ರೈಟರ್ ಸೋಮಣ್ಣ ಕಣದಲ್ಲಿ ನಿಂತು, ಆಳುಗಳು ವಾಸಿಸುವ ಲೈನ್ ಮನೆಗಳ ಹೆಂಗಸರಿಂದ ಒಣಗಿದ ಕಾಫಿ ಗುಡ್ಡೆ ಮಾಡಿಸುತ್ತಿದ್ದ. ರೈಟರ್ ಎಂದರೆ ಬರೆಯುವವನಲ್ಲ. ಆಳುಗಳ ಹಾಜರಿಯಿಂದ ಹಿಡಿದು ಗೊಬ್ಬರದ ಚೀಲದವರೆಗೆ ಎಸ್ಟೇಟಿನ ಸಕಲವನ್ನೂ ನೋಡಿಕೊಳ್ಳುವವನು. ಅವನಿಗೆ ಸಿನಿಮಾ ಎಂದರೆ ಆಗದು. "ಸುಳ್ಳು ಕೇಳೋಕೆ ನಮ್ಮ ಆಳುಗಳೇ ಅವ್ರೆ, ಟಿಕೇಟ್ ಯಾಕೆ ತಗೀಬೇಕು?" ಎನ್ನುವ ಮನುಷ್ಯ.

ಮಿಷನ್ನಿನ ಮಾತು ಇನ್ನೂ ಶುರುವಾಗಿರಲಿಲ್ಲ, ಅವನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡವನೇ ಕೈಯಲ್ಲಿದ್ದ ಕೊಡೆಯನ್ನು ಅಲ್ಲೇ ಬಿಸಾಕಿದ.

"ಎಲ್ಲಾ ಸ್ಟೋರ್ ಒಳಕ್ಕೆ ನಡೀರಿ! ಕೆರೆ ಕಡೆಯಿಂದ ಆನೆ ಬಂದ್ಬುಟ್ಟವಂತೆ. ಮರಿ ಬೇರೆ ಐತೆ. ಓಡ್ಬೇಡಿ, ನಡೀರಿ!"

ಸ್ಟೋರ್ ಎಂದರೆ ಕಾಫಿ ಮೂಟೆ ಪೇರಿಸಿಡುವ ಕಲ್ಲಿನ ಕಟ್ಟಡ. ನಾನು, ಗಿರಿಜೆ, ಸೋಮಣ್ಣ, ಲೈನಿನ ಕೆಲವು ಹೆಂಗಸರು ಒಳಗೆ ಸೇರಿದೆವು. ಸೋಮಣ್ಣ ಬಾಗಿಲು ಹಾಕಿ ಅಡ್ಡಪಟ್ಟಿ ಏರಿಸಿದ. ಮೇಲೆ ಜಾಲರಿಯ ಒಂದು ಕಿಟಕಿ. ಅದರಿಂದ ಬಿಸಿಲು ಮೂಟೆಗಳ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಹೊರಗೆ ಬಾಳೆ ಮುರಿಯುವ ಸದ್ದು, ಆಮೇಲೆ ಕಣದ ಪಕ್ಕದ ತೊಟ್ಟಿಯಲ್ಲಿ ನೀರು ಚೆಲ್ಲುವ ಸದ್ದು. ಸೋಮಣ್ಣ ಮೂಟೆ ಹತ್ತಿ ಇಣುಕಿ ಇಳಿದು ಬಂದ. "ನೀರಾಟ ಆಡ್ತಾ ಅವೆ. ಈಗ್ಲೇ ಹೋಗೋ ಹಂಗೆ ಕಾಣಲ್ಲ. ಸದ್ದು ಮಾಡ್ಬೇಡಿ."

ಆಗಲೇ ನಾನು ಗಿರಿಜೆಯನ್ನು ನೋಡಿದ್ದು. ಅವಳು ಮೂಟೆಗಳ ಸಂದಿಯಲ್ಲಿ ಮೊಣಕಾಲು ಅಪ್ಪಿ ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಗಂಟಲಿನಿಂದ ಸಣ್ಣಗೆ ಒಂದು ಸ್ವರ ಹೊರಡುತ್ತಿತ್ತು. ಅದು ದೊಡ್ಡದಾಗುತ್ತದೆ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ನಾನು ಅವಳನ್ನು ತಬ್ಬಿಕೊಂಡೆ. ಸುಗ್ಗಿಯ ಮಿಷನ್ನನ್ನು ತಬ್ಬಿಕೊಂಡ ಹಾಗಿತ್ತು, ಅಷ್ಟು ನಡುಗುತ್ತಿದ್ದಳು.

ಲೈನಿನ ಹಿರಿಯಾಕೆ ಪುಟ್ಟಮ್ಮ ನನ್ನ ಕಿವಿಯ ಹತ್ತಿರ ಬಂದಳು. "ಏನಾರ ಮಾತಾಡಿ ಅಕ್ಕ. ಅವಳ ಕಿವಿ ಆ ಸದ್ದಿನ ಮೇಲೇ ಐತೆ. ಅದನ್ನ ಇತ್ಲಾಗೆ ಎಳ್ಕಳಿ."

ಏನು ಮಾತಾಡುವುದು? ದೇವರ ನಾಮ ನೆನಪಾಗಲಿಲ್ಲ. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. ಬಾಯಿ ತೆರೆದರೆ ಹೊರಗೆ ಬಂದದ್ದು ಒಂದು ಸಿನಿಮಾ.

"ಒಂದೂರಲ್ಲಿ ಒಬ್ಬ ರೈಲ್ವೆ ಗ್ಯಾಂಗ್‌ಮನ್ ಇದ್ದ ಕಣೆ" ಎಂದು ಪಿಸುದನಿಯಲ್ಲಿ ಶುರು ಮಾಡಿದೆ.

ಅದೊಂದು ಹಳೆಯ ಡಬ್ಬಿಂಗ್ ಚಿತ್ರ. ಬಹಳ ಜನ ನೋಡಿಲ್ಲ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ವಿಶೇಷ ಮಮತೆ. ಘಟ್ಟದ ರೈಲು ದಾರಿಯಲ್ಲಿ ಹಳಿ ನೋಡುತ್ತಾ ನಡೆಯುವ ಒಬ್ಬ, ಹಳಿಯ ಪಕ್ಕದ ಗುಡಿಸಲಿನಲ್ಲಿ ಅವನ ಹೆಂಡತಿ. ಅವಳಿಗೆ ಒಂದು ಸಲವಾದರೂ ರೈಲಿನಲ್ಲಿ ಕೂತು ಹೋಗುವ ಆಸೆ. ದಿನವೂ ಮನೆ ಮುಂದೆಯೇ ರೈಲು ಹೋಗುತ್ತದೆ, ನಿಲ್ಲುವುದಿಲ್ಲ. ಅದನ್ನು ಹೇಳುವಾಗ ಲೈನಿನ ಹೆಂಗಸರು ಹತ್ತಿರ ಸರಿದರು. ಅವರ ಜಗಳದ ದೃಶ್ಯವನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸಿದೆ, ಎರಡನ್ನೂ ಪಿಸುಗುಟ್ಟುತ್ತಲೇ. ಪುಟ್ಟಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು.

"ಗ್ಯಾಂಗ್‌ಮನ್ನನ್ನ ಒಬ್ಬನ್ನೇ ಕಳ್ಸಲ್ಲ, ಜೊತೆಗೆ ಇನ್ನೊಬ್ಬ ಇರ್ತಾನೆ" ಎಂದಿತು ಸೋಮಣ್ಣನ ದನಿ. ಅವನೂ ಕೇಳುತ್ತಿದ್ದ! "ನಮ್ಮಪ್ಪ ದೋಣಿಗಲ್ಲಲ್ಲಿ ರೈಲು ಕೆಲಸದಾಗೇ ಇದ್ದೋನು."

"ಜೊತೆಯವನಿಗೆ ಜ್ವರ ಬಂದಿತ್ತು" ಎಂದೆ. ಚಿತ್ರದಲ್ಲಿ ಜ್ವರ ಇಲ್ಲ.

"ಹಂಗನ್ನಿ ಮತ್ತೆ" ಎಂದು ಸೋಮಣ್ಣ ಮೂಟೆಯ ಮೇಲೆ ಸರಿಯಾಗಿ ಕೂತುಕೊಂಡ.

ಹೊರಗೆ ಒಮ್ಮೆ ಗೋಡೆಗೆ ಏನೋ ಉಜ್ಜಿದ ಹಾಗಾಯಿತು. ನಾನು ಕತೆ ನಿಲ್ಲಿಸಿದೆ. ಗಿರಿಜೆಯ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಸದ್ದು ಸರಿದು ಹೋದ ಮೇಲೆ ಅವಳು ಮೊದಲ ಬಾರಿಗೆ ಮಾತಾಡಿದಳು. "ಆಮೇಲೆ?"

ಆ ಒಂದು ಮಾತಿಗೆ ನಾನು ಎಷ್ಟು ಉಬ್ಬಿದೆ ಎಂದರೆ, ಮಳೆ ತಂದೆ, ಗುಡ್ಡ ಕುಸಿಸಿದೆ, ಹಳಿಯನ್ನು ಮಣ್ಣಿನಲ್ಲಿ ಮುಚ್ಚಿಸಿದೆ, ದೂರದಲ್ಲಿ ರೈಲು ಕೂಗಿಸಿದೆ. ಗ್ಯಾಂಗ್‌ಮನ್ ಕೆಂಪು ಬಾವುಟ ಹಿಡಿದು ರೈಲಿಗೆ ಎದುರಾಗಿ ಓಡಿದ. ಅವನನ್ನು ಅರ್ಧ ದಾರಿ ಓಡಿಸಿದ ಮೇಲಷ್ಟೇ ನನಗೆ ನೆನಪಾದದ್ದು, ಈ ಕತೆಯಲ್ಲಿ ಅವನು ಸಾಯುತ್ತಾನೆ ಎಂದು. ರೈಲು ನಿಲ್ಲುತ್ತದೆ, ಒಳಗಿದ್ದವರೆಲ್ಲ ಬದುಕುತ್ತಾರೆ, ಆಗ ಗುಡ್ಡ ಎರಡನೆಯ ಸಲ ಕುಸಿದು ಅವನನ್ನು ಒಯ್ಯುತ್ತದೆ. ಕೊನೆಯ ದೃಶ್ಯದಲ್ಲಿ ಮನೆ ಮುಂದೆ ನಿಂತ ರೈಲನ್ನು ಹೆಂಡತಿ ನೋಡುತ್ತಾಳೆ. ಈ ಸಿನಿಮಾವನ್ನು ನಾನು ಮೆಚ್ಚಿದ್ದೇ ಆ ಕೊನೆಗಾಗಿ. ಎಷ್ಟು ದಿಟ್ಟ ಕೊನೆ ಎಂದು ರವಿಗೆ ಒಂದು ಊಟದ ಉದ್ದಕ್ಕೂ ಹೇಳಿದ್ದೆ.

ಗಿರಿಜೆಯ ಮುಖ ನನ್ನ ಭುಜದ ಹತ್ತಿರವೇ ಇತ್ತು. ನಡುಕ ನಿಂತಿತ್ತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೊರಗಿನ ಆನೆಗಿಂತ ನನಗೆ ಆಗ ಆ ಗುಡ್ಡದ ಭಯವೇ ಹೆಚ್ಚಾಯಿತು.

"ಎರಡನೇ ಸಲ ಗುಡ್ಡ ಬಿರುಕು ಬಿಡ್ತು" ಎಂದೆ. "ಬಂಡೆ ಉರುಳಿಕೊಂಡು ಬರ್ತಾ ಇದೆ. ಇವನು ತಿರುಗಿ ನೋಡಿದ. ಪಕ್ಕದಲ್ಲೇ ಸುರಂಗ. ಸುರಂಗದ ಗೋಡೆಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡು ಇರುತ್ತಲ್ಲ, ಅದರೊಳಕ್ಕೆ ಹಾರಿಬಿಟ್ಟ. ಮಣ್ಣೆಲ್ಲ ಹೊರಗೇ ಬಿತ್ತು. ಇವನಿಗೆ ಏನೂ ಆಗಲಿಲ್ಲ."

ಸೋಮಣ್ಣ ಉಸಿರು ಬಿಟ್ಟ. "ಇರ್ತವೆ ಇರ್ತವೆ, ಆ ಗೂಡು ಇರ್ತವೆ" ಎಂದು ಎಲ್ಲರಿಗೂ ಸಾಕ್ಷಿ ಹೇಳಿದ. ನನಗೂ ಧೈರ್ಯ ಬಂತು. ಗಂಡ ಹೆಂಡತಿ ಇಬ್ಬರನ್ನೂ ಅದೇ ರೈಲಿಗೆ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಮಂಗಳ ಹಾಡಿದೆ. ನಾನು ಬೈದುಕೊಂಡು ಬಂದ ಅಂಜುಬುರುಕರ ಸಾಲಿನಲ್ಲಿ ಹೋಗಿ ನಿಂತದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪುಟ್ಟಮ್ಮ ಕಣ್ಣೊರೆಸಿಕೊಂಡು, "ಪುಣ್ಯಾತ್ಗಿತ್ತಿ, ಕೊನೆಗೂ ರೈಲು ಹತ್ತುದ್ಲು" ಎಂದಳು. ಗಿರಿಜೆ ನನ್ನ ತೋಳು ಬಿಟ್ಟು, ಅಲ್ಲಿ ಮೂಡಿದ್ದ ಉಗುರಿನ ಗುರುತನ್ನು ಹೆಬ್ಬೆರಳಿನಿಂದ ಸವರಿದಳು.

ಆನೆಗಳು ಯಾವಾಗ ಹೋದವೋ ನಮಗೆ ಸರಿಯಾಗಿ ತಿಳಿಯಲಿಲ್ಲ. ಸಂಜೆ ಬಿಸಿಲು ಇನ್ನೂ ಇರುವಾಗಲೇ ಅರಣ್ಯ ಇಲಾಖೆಯವರ ಜೀಪಿನ ಹಿಂದೆ ರವಿಯ ಜೀಪೂ ಬಂತು. ಬಾಗಿಲು ತೆರೆದರೆ ಕಣದ ತುಂಬ ಕಾಫಿ ಚೆಲ್ಲಾಡಿತ್ತು, ತೊಟ್ಟಿ ಖಾಲಿ, ಸೋಮಣ್ಣನ ಕೊಡೆ ಚಪಾತಿಯಾಗಿತ್ತು. ಅವನು ಅದನ್ನು ಎತ್ತಿ ನೋಡಿ, "ಮೇಡಂ, ಆ ಪಿಚ್ಚರ್ ಹೆಸ್ರು ಏನಂದ್ರಿ?" ಎಂದ. ಮರೆತುಹೋಗಿದೆ ಎಂದೆ.

ನಾನೂ ಗಿರಿಜೆಯೂ ಜೀಪಿನ ಹಿಂದಿನ ಸೀಟಿನಲ್ಲಿ ಕೂತೆವು. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು.

"ಅವ್ನು ಸಾಯ್ತಾನೆ ಅಲ್ವಾ ಅಕ್ಕ?"

ನಾನು ತಿರುಗಿ ನೋಡಿದೆ.

"ನಮ್ಮೋರೂ ನಾನೂ ನೋಡಿದ್ವಿ. ಮದ್ವೆಯಾದ ಹೊಸದ್ರಲ್ಲಿ, ಟಿವೀಲಿ ಹಾಕಿದ್ರು. ನೀವು ರೈಲು ಹತ್ತೋ ಆಸೆ ಅಂದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ದೆ? ಬೇಡ ಅನ್ನಬಾರದಿತ್ತಾ?"

"ನಿಮ್ಗೂ ಗೊತ್ತಲ್ಲ ಸಾಯ್ತಾನೆ ಅಂತ. ಅದಕ್ಕೇ ಸುಮ್ನಿದ್ದೆ. ಅಕ್ಕ ಈಗ ಏನ್ ಮಾಡ್ತಾರೆ, ಏನ್ ಮಾಡ್ತಾರೆ ಅಂತ ಅದೇ ಯೋಚ್ನೆ ಆಗ್ಬುಡ್ತು. ಹೊರಗಿನ ಸದ್ದೇ ಕೇಳ್ಲಿಲ್ಲ." ಅವಳು ಹೊರಗೆ ನೋಡಿದಳು. "ಆದ್ರೆ ಸುರಂಗ ಇದ್ದಿದ್ದು ಮನೆ ಕಡೆ. ಗುಡ್ಡ ಬಿದ್ದಿದ್ದು ಸೇತುವೆ ಕಡೆ. ಅಷ್ಟು ದೂರ ಹೆಂಗಕ್ಕ ಓಡ್ದ ಅವ್ನು?"

ಜೀವಮಾನವಿಡೀ ಬೇರೆಯವರ ಸಿನಿಮಾಗಳಲ್ಲಿ ಹಿಡಿದ ತಪ್ಪುಗಳೆಲ್ಲ ಒಟ್ಟಾಗಿ ನನ್ನ ಮೇಲೆ ಬಿದ್ದ ಹಾಗಾಯಿತು. "ಬೇರೆ ಜಾಗ ಹೊಳೀಲಿಲ್ಲ ಕಣೆ" ಎಂದೆ.

"ಹೋಗ್ಲಿ ಬಿಡಿ" ಎಂದಳು ಗಿರಿಜೆ. "ಓಡ್ಲಿ."

ಆ ರಸ್ತೆಯ ಉಳಿದ ತಿರುವುಗಳಲ್ಲಿ ಅವಳು ನಾಗರಾಜನ ಬಗ್ಗೆ ಮಾತಾಡಿದಳು. ಅವನು ಸಿನಿಮಾ ನೋಡುವಾಗ ಜೋರಾಗಿ ಅಳುತ್ತಿದ್ದನಂತೆ, ಕೇಳಿದರೆ ನೆಗಡಿ ಎನ್ನುತ್ತಿದ್ದನಂತೆ. ರವಿ ಜೀಪನ್ನು ಆದಷ್ಟು ನಿಧಾನವಾಗಿ ಓಡಿಸಿದ.

ಮೆಣಸು ಬಿಡಿಸುವ ದಿನ ಬಂದಾಗ ಮಿಷನ್ನಿನ ಆಚೆ ಬದಿಯಿಂದ ಗಿರಿಜೆ ಕೂಗಿದಳು. "ಅಕ್ಕ, ಇನ್ನೊಂದು ಕತೆ ಹೇಳಿ. ಈ ಸಲ ನಾನು ನೋಡ್ದೇ ಇರೋದು."

"ಕೊನೆ ಹೇಗಿರಬೇಕು?" ಎಂದು ಕೂಗಿ ಕೇಳಿದೆ. ಬೇಡಿಕೆಗೆ ತಕ್ಕಂತೆ ಮಾಡಿಕೊಡುವುದಕ್ಕೆ ಆಗಲೇ ಕೈ ಪಳಗಿತ್ತಲ್ಲ.

ಅವಳು ಒಂದು ಬುಟ್ಟಿ ಮೆಣಸು ಮಿಷನ್ನಿಗೆ ಸುರಿದು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಇದ್ದಂಗೇ ಹೇಳಿ" ಎಂದಳು. "ಹೆಂಗಿದ್ರೂ ಕೇಳ್ತೀನಿ."